ಬದಲಿಸಿ ಕಟ್ಟಿದ ವಾಹನಗಳು: ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ನೋಂದಣಿ ಮತ್ತು ಹೊಗೆ ನಿಯಮ

ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಎಂಜಿನ್, ಬಾಡಿ, ಇಂಧನ, ಸೀಟು ಇವುಗಳಲ್ಲಿ ಯಾವುದಾದರೂ ಬದಲಾದ ಗಾಡಿಯನ್ನು ಕಾನೂನಿನ ಭಾಷೆಯಲ್ಲಿ ಮಾರ್ಪಡಿಸಿದ ವಾಹನ ಎನ್ನುತ್ತಾರೆ. ಕುಂದಾಪುರ ಕಡೆಯ ಗ್ಯಾರೇಜಿನಲ್ಲಿ ಅದು ‘ಆಲ್ಟರ್ ಮಾಡ್ಸಿದ ಗಾಡಿ’. ಬಿಡಿಭಾಗಗಳನ್ನು ತಂದು ಮಾಲೀಕನೇ ಜೋಡಿಸಿಕೊಳ್ಳುವ ಕಾರಿಗೆ ಕಿಟ್ ಕಾರು ಎಂದು ಹೆಸರು. ಉಡುಪಿ ಜಿಲ್ಲೆಯ ಉತ್ತರಾರ್ಧದ ಈ ಮೂರು ತಾಲೂಕುಗಳಲ್ಲಿ ಕಿಟ್ ಕಾರು ಕಾಣಸಿಗುವುದಿಲ್ಲ ಎಂದರೂ ನಡೆದೀತು. ಆಲ್ಟರ್ ಮಾಡಿಸಿದ ಗಾಡಿಯಾದರೋ ಗಂಗೊಳ್ಳಿಯ ಬಂದರಿನಿಂದ ಕೊಲ್ಲೂರಿನ ಜೀಪು ಸ್ಟ್ಯಾಂಡಿನವರೆಗೆ ಎಲ್ಲೆಲ್ಲೂ ಇದೆ.

ಇಲ್ಲಿನ ಗಾಡಿಗಳೆಲ್ಲ ಉಡುಪಿ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಎ-20 ಸರಣಿಗೆ ಸೇರಿದವು. ಬೈಂದೂರು, ಬ್ರಹ್ಮಾವರ ಈಚೆಗೆ ಆದ ತಾಲೂಕುಗಳು. ತಹಸೀಲ್ದಾರರ ಕಚೇರಿ ಮನೆ ಹತ್ತಿರ ಬಂತು, ಗಾಡಿಯ ಕಾಗದ ಮಾತ್ರ ಉಡುಪಿಯಲ್ಲೇ ಉಳಿಯಿತು. ಬೈಂದೂರಿನವರಿಗೆ ಅದು 70 ಕಿಲೋಮೀಟರ್ ಹತ್ತಿರದ ದಾರಿ. ಇಷ್ಟು ದೂರ ಹೋಗಿ ಬಂದವರ ದೂರು ಸಾಮಾನ್ಯವಾಗಿ ಒಂದೇ: “ಗಾಡಿ ಲಾಯ್ಕಿತ್ತ್, ಕಾಗ್ದವೇ ಸಮ ಇಲ್ಲ.” ಮೆಕಾನಿಕ್‌ಗೆ ಗಾಡಿಯೆಂದರೆ ಎಂಜಿನ್, ಆರ್‌ಟಿಒಗೆ ಗಾಡಿಯೆಂದರೆ ಚೇಸಿಸ್ ನಂಬರ್. ಈ ವಿಷಯದ ಹೆಚ್ಚಿನ ತಕರಾರೆಲ್ಲ ಹುಟ್ಟುವುದು ಈ ಎರಡು ದೃಷ್ಟಿಗಳ ನಡುವೆ.

ಇದ್ದಿಲ ಬಸ್ಸಿನಿಂದ ಡೀಸೆಲ್ ಅಂಬಾಸಿಡರ್‌ವರೆಗೆ

ಗಾಡಿ ಬದಲಿಸುವ ಕಸುಬು ಕರಾವಳಿಗೆ ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ, ಮದರಾಸು ಪ್ರಾಂತ್ಯದ ಬೇರೆ ಜಿಲ್ಲೆಗಳಂತೆ ದಕ್ಷಿಣ ಕನ್ನಡದ ಬಸ್ಸುಗಳೂ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡವು. ಉದ್ದನೆಯ ಕಬ್ಬಿಣದ ಉರುಳೆಯಲ್ಲಿ ಇದ್ದಿಲು ತುಂಬಿ, ಗಾಳಿ ಸಾಲದಷ್ಟು ಕೊಟ್ಟು ಅರೆಬರೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ. ಅದನ್ನು ಸೋಸಿ, ತಣಿಸಿ ಪೆಟ್ರೋಲ್ ಎಂಜಿನ್ನಿಗೆ ಉಣಿಸುತ್ತಿದ್ದರು. ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಕ್ಲೀನರ್ ಹಿಂಬದಿಗೆ ಹೋಗಿ ಕೈಯಲ್ಲಿ ಗಾಳಿಚಕ್ರ ತಿರುಗಿಸಿ ಉರಿ ಎಬ್ಬಿಸಬೇಕು. ಏರು ಬಂದರೆ ಬಸ್ಸು ಏದುಸಿರು ಬಿಡುವುದು, ಜನ ಇಳಿದು ನೂಕುವುದು. ಇವತ್ತು ಹೊಗೆ ತಪಾಸಣೆಯ ಯಂತ್ರ ಸೈಲೆನ್ಸರಿನೊಳಗೆ ಮೂತಿ ತೂರಿಸಿ ಮೊದಲು ಹುಡುಕುವುದು ಇದೇ ಕಾರ್ಬನ್ ಮಾನಾಕ್ಸೈಡನ್ನು. ಅಂದು ಬಸ್ಸಿನ ಅನ್ನವಾಗಿದ್ದದ್ದು ಇಂದು ಅದರ ಅಪರಾಧ.

ಯುದ್ಧ ಮುಗಿದ ಮೇಲೆ ಬಂದದ್ದು ಜೀಪು. ಭಾರತದ ಜೀಪಿನ ಕಥೆಯೇ ಬಿಡಿಭಾಗಗಳಿಂದ ಶುರು: ಅಮೆರಿಕದ ವಿಲ್ಲಿಸ್ ಕಂಪನಿಯ ಕಳಚಿದ ಭಾಗಗಳನ್ನು ಹಡಗಿನಲ್ಲಿ ತರಿಸಿ ಮಹೀಂದ್ರಾದವರು ಮುಂಬಯಿಯ ಮಜಗಾಂವ್‌ನಲ್ಲಿ 1949ರಲ್ಲಿ ಜೋಡಿಸಿದರು. ಕಿಟ್ಟಿನಿಂದ ಹುಟ್ಟಿದರೂ ಅವಕ್ಕೆ ಯಾರೂ ಕಿಟ್ ಕಾರು ಎನ್ನಲಿಲ್ಲ. ಹೊಣೆ ಹೊರುವ ಕಂಪನಿಯೊಂದು ಹಿಂದೆ ಇತ್ತು. ಕಾನೂನಿಗೆ ಬೇಕಾದದ್ದೂ ಅಷ್ಟೇ.

1980–90ರ ದಶಕಗಳಲ್ಲಿ ನಡೆದದ್ದು ದೊಡ್ಡ ಎಂಜಿನ್ ಬದಲಿ. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ಕಾಲ. ಬಾಡಿಗೆ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ ಎತ್ತಿ ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುವುದು, ವಿಲ್ಲಿಸ್ ಜೀಪಿನ ಪೆಟ್ರೋಲ್ ಎಂಜಿನ್ ಜಾಗಕ್ಕೆ ಮಹೀಂದ್ರಾ ಡೀಸೆಲ್ ಹಾಕುವುದು ದಕ್ಷಿಣ ಭಾರತದಲ್ಲೆಲ್ಲ ಮಾಮೂಲಿ ಕೆಲಸವಾಗಿತ್ತು. ಎಂಜಿನ್ ಕೂರುವ ಬ್ರ್ಯಾಕೆಟ್ ಕತ್ತರಿಸಿ ಬೆಸುಗೆ ಹಾಕಿ, ಬೆಲ್ ಹೌಸಿಂಗಿಗೆ ಲೇತಿನಲ್ಲಿ ಪ್ಲೇಟ್ ಮಾಡಿಸಿ, ರೇಡಿಯೇಟರ್ ಮುಂದಕ್ಕೆ ಸರಿಸಿದರೆ ಗಾಡಿ ಹೊರಟಿತು. ಆರ್‌ಟಿಒಗೆ ಅರ್ಜಿ ಕೊಟ್ಟರೆ ಆರ್‌ಸಿ ಪುಸ್ತಕದಲ್ಲಿ ಹಳೆ ಎಂಜಿನ್ ನಂಬರು ಹೊಡೆದು ಹೊಸ ನಂಬರು, ‘ಡೀಸೆಲ್’ ಎಂಬ ಮಾತು, ಒಂದು ಸಹಿ, ಒಂದು ಮೊಹರು. ಆ ಕಾಲದ ಆರ್‌ಸಿ ಪುಸ್ತಕಗಳು ಈಗಲೂ ಕೆಲವು ಮನೆಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿವೆ. ಕೊನೆಯಲ್ಲಿ ಅವುಗಳ ಮಾತು ಮತ್ತೆ ಬರುತ್ತದೆ.

52ನೆಯ ಕಲಮಿನ ನಡಿಗೆ

1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮಾರ್ಪಾಟಿನ ವಿಷಯ ಬರುವುದು 52ನೆಯ ಕಲಮಿನಲ್ಲಿ. ಅದರ ಮೊದಲ ರೂಪ ಇಂದಿನವರಿಗೆ ನಂಬಲಾಗದಷ್ಟು ಸಡಿಲ. ಏನು ಬದಲಿಸುತ್ತೀರೆಂದು ಮಾಲೀಕರು ನೋಟಿಸು ಕೊಡಬೇಕು, ಅಧಿಕಾರಿ ಏಳು ದಿನದಲ್ಲಿ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಸರಕಾರಿ ಕಚೇರಿಯ ಮೌನವನ್ನು ಜನರ ಪರವಾಗಿ ಓದಿದ ಇಂಥ ಕಲಮುಗಳು ನಮ್ಮಲ್ಲಿ ಹೆಚ್ಚಿಲ್ಲ.

2000ದ ತಿದ್ದುಪಡಿ ಇದನ್ನು ತಲೆಕೆಳಗು ಮಾಡಿತು. ಅಲ್ಲಿಯವರೆಗೆ ಪ್ರಶ್ನೆ ಇದ್ದದ್ದು ಆರ್‌ಸಿಯಲ್ಲಿ ಬರೆದದ್ದೂ ಗಾಡಿಯಲ್ಲಿ ಇರುವುದೂ ತಾಳೆಯಾಗುತ್ತದೆಯೇ ಎಂಬುದು. ಆಮೇಲೆ ಪ್ರಶ್ನೆ, ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೆ ಗಾಡಿ ತಾಳೆಯಾಗುತ್ತದೆಯೇ ಎಂಬುದಾಯಿತು. ಕಾಗದ ತಿದ್ದಿ ಗಾಡಿಗೆ ಹೊಂದಿಸುವ ದಾರಿ ಮುಚ್ಚಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಬದಲಾಗುವವರಿಗೆ ಮಾತ್ರ, ಒಪ್ಪಿಗೆ ಪಡೆದ ಕಿಟ್ ಹಾಕಿಸುವ ಷರತ್ತಿನ ಮೇಲೆ, ಒಂದು ಕಿಂಡಿ ಉಳಿಯಿತು.

ಹಾಗಿದ್ದರೂ ರಾಜ್ಯಗಳ ನಿಯಮ ಹಿಡಿದು ಬದಲಾವಣೆ ನಡೆದೇ ಇತ್ತು. ಕೇರಳದ ಆರ್‌ಟಿಒ ಮತ್ತು ಕೆ. ಜಯಚಂದ್ರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಕಡ್ಡಿ ಮುರಿದಂತೆ ಹೇಳಿತು: ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಟು ಸಲ್ಲದು. ಅದೇ ವರ್ಷದ ತಿದ್ದುಪಡಿ ಕಾಯ್ದೆ 182ಎ ಎಂಬ ಹೊಸ ಕಲಮು ತಂದು, ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ಇಟ್ಟಿತು. ‘ಪ್ರತಿ ಮಾರ್ಪಾಟಿಗೆ’ ಎಂಬಲ್ಲಿ ಕಚ್ಚು ಇದೆ. ಅಗಲ ಟಯರು, ಸೈಲೆನ್ಸರು, ಮುಂದಿನ ಕ್ರಾಶ್ ಗಾರ್ಡು ಎಂದು ಬಿಡಿಬಿಡಿಯಾಗಿ ಎಣಿಸಿದರೆ ಮೊತ್ತ ಬೆಳೆಯುತ್ತದೆ.

ಹೀಗೆಂದು ಎಲ್ಲವೂ ನಿಷಿದ್ಧವಲ್ಲ. ಸವೆದ ಎಂಜಿನ್ನಿಗೆ ಬದಲು ಅದೇ ಮೇಕಿನ, ಅದೇ ಬಗೆಯ ಎಂಜಿನ್ ಹಾಕಿಸಿ, ಬಿಲ್ಲು ತೋರಿಸಿ ನಂಬರು ತಿದ್ದಿಸಿಕೊಳ್ಳಬಹುದು. ಬಣ್ಣ ಆರ್‌ಸಿಯಲ್ಲಿ ಇರುವುದರಿಂದ ಅದನ್ನು ಬದಲಿಸಲೂ ಒಪ್ಪಿಗೆ ಬೇಕು. ಸಾಲದ ಗಾಡಿಯಾದರೆ ಬ್ಯಾಂಕಿನ ಪತ್ರವೂ ಸೇರಬೇಕು.

ಕಾನೂನು ಮೃದುವಾಗಿರುವ ಒಂದು ಜಾಗವಿದೆ. ನಡೆಯಲಾಗದವರು ಸ್ಕೂಟರಿನ ಹಿಂಗಾಲಿಗೆ ಎರಡು ಬದಿ ಚಕ್ರ ಹಾಕಿಸಿಕೊಂಡು ಓಡಾಡುವುದನ್ನು ಕೋಟೇಶ್ವರ, ಸಾಲಿಗ್ರಾಮಗಳ ಪೇಟೆಯಲ್ಲಿ ನೋಡಿಯೇ ಇರುತ್ತೀರಿ. ಇಂಥ ಬದಲಾವಣೆ ಮಾಡಿಸಿ ಆಮೇಲೆ ಒಪ್ಪಿಗೆ ಪಡೆದರೂ ನಡೆಯುತ್ತದೆ ಎಂದು 2019ರ ತಿದ್ದುಪಡಿ ಹೇಳಿದೆ. ಮೊದಲು ಕೆಲಸ, ನಂತರ ಕಾಗದ. ಇಡೀ ಕಲಮಿನಲ್ಲಿ ಈ ಕ್ರಮ ಉಳಿದಿರುವುದು ಇವರಿಗಾಗಿ.

ಪೆನ್ಸಿಲ್ ಅಚ್ಚು

ಗಾಡಿಯ ಗುರುತು ನಿಂತಿರುವುದು ಚೇಸಿಸ್ಸಿನ ಮೇಲೆ ಹೊಡೆದ ನಂಬರಿನಲ್ಲಿ. ಹೊಸ ಗಾಡಿಗಳಲ್ಲಿ ಅದು 17 ಅಕ್ಷರ-ಅಂಕಿಗಳದು. ತಪಾಸಣೆಗೆ ಹೋದಾಗ ಅದರ ಅಚ್ಚು ತೆಗೆಯುವುದು ಒಂದು ಚಿಕ್ಕ ಆಚರಣೆ. ಸೀಮೆಎಣ್ಣೆಯ ಬಟ್ಟೆಯಿಂದ ಗ್ರೀಸು ಒರೆಸಿ, ಎಮರಿ ಕಾಗದದಿಂದ ತಿಕ್ಕಿ, ತೆಳು ಕಾಗದದ ಪಟ್ಟಿ ಅಂಟಿಸಿ ಪೆನ್ಸಿಲನ್ನು ಓರೆ ಹಿಡಿದು ಉಜ್ಜುತ್ತಾರೆ. ಕಪ್ಪಿನ ನಡುವೆ ಬಿಳಿ ಅಂಕಿಗಳು ಒಂದೊಂದಾಗಿ ಏಳುತ್ತವೆ. ಆ ಪಟ್ಟಿಯನ್ನು ಅರ್ಜಿಗೆ ಅಂಟಿಸಿದರೆ ಗಾಡಿ ಕಾಗದಕ್ಕೆ ಇಳಿದಂತೆ.

ಕರಾವಳಿಯಲ್ಲಿ ಈ ಅಂಕಿಗಳು ಏಳದೇ ಇರುವುದುಂಟು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕೆ. ಮಳೆಗಾಲದಲ್ಲಿ ಅಲೆಯ ತುಂತುರು ಗಾಜಿಗೆ ಬಡಿಯುತ್ತದೆ. ಮೀನು ಸಾಗಿಸುವ ಗಾಡಿಗಳಿಗೆ ಇದರ ಮೇಲೆ ಉಪ್ಪುನೀರಿನ ಅಭಿಷೇಕ ಬೇರೆ: ಐಸು ಕರಗಿ ಸೋರಿದ ನೀರು ನೇರ ಚೇಸಿಸ್ ಮೇಲೆ. ಹತ್ತು ವರ್ಷದಲ್ಲಿ ಕಬ್ಬಿಣ ಹಪ್ಪಳದ ಹಾಗೆ ಪದರ ಪದರ ಏಳುತ್ತದೆ, ನಂಬರು ಅದರ ಜೊತೆ ಹೋಗುತ್ತದೆ. ಸವೆದ ನಂಬರನ್ನು ಆರ್‌ಟಿಒ ಆದೇಶವಿಲ್ಲದೆ ಗ್ಯಾರೇಜಿನಲ್ಲಿ ಮತ್ತೆ ಹೊಡೆಸಿದರೆ ಪ್ರಾಮಾಣಿಕ ಗಾಡಿಗೂ ಕಳವು ಗಾಡಿಯ ಮುಖ ಬಂದುಬಿಡುತ್ತದೆ. ತುಕ್ಕು ಹಿಡಿದ ಚೇಸಿಸ್ಸಿಗೆ ಬದಲು ಇನ್ನೊಂದು ಜೀಪಿನ ಚೇಸಿಸ್ ತಂದು ಹಾಕಿಸಿದವರ ಪಾಡು ಇನ್ನೂ ಕಷ್ಟ. ಕಾನೂನಿನ ಕಣ್ಣಲ್ಲಿ ಆ ಗಾಡಿ ಈಗ ಆ ಇನ್ನೊಂದು ಜೀಪು.

ಇದರ ತಿರುಗುಮುರುಗು ದಂಧೆಯೂ ಇದೆ. ಗುಜರಿಗೆ ಹೋದ ಜೀಪಿನ ಆರ್‌ಸಿಯನ್ನು ರದ್ದು ಮಾಡಿಸದೆ ಇಟ್ಟುಕೊಂಡು, ಹೊಸದಾಗಿ ಬೆಸೆದ ಜೀಪಿಗೆ ಅದನ್ನು ತೊಡಿಸುವುದು. ಹರಿಯಾಣದ ಮಂಡಿ ಡಬ್ವಾಲಿ ಜೀಪು ಕಟ್ಟುವುದಕ್ಕೆ ದೇಶಕ್ಕೆಲ್ಲ ಹೆಸರಾದ ಪೇಟೆ. ಮಿಂಚುವ ಬಂಪರು, ಆಳೆತ್ತರದ ಟಯರು ಹಾಕಿದ ಅಲ್ಲಿನ ಜೀಪುಗಳ ಫೋಟೋ ನೋಡಿ ಮರುಳಾಗುವ ಹುಡುಗರು ನಮ್ಮ ಕಡೆಯೂ ಇದ್ದಾರೆ. ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ, ಈ ಚೇಸಿಸ್ ಹುಟ್ಟಿದ್ದೆಲ್ಲಿ ಎಂಬುದು. ಸೈನ್ಯ ಹರಾಜು ಹಾಕಿದ ಜೀಪಾದರೆ ಸೇನೆಯ ಅಧಿಕಾರಿಗಳೇ ನಮೂನೆ 21ರಲ್ಲಿ ಮಾರಾಟ ಪತ್ರ ಕೊಡುತ್ತಾರೆ, ಆ ಪತ್ರ ಹಿಡಿದು ನೋಂದಣಿ ಮಾಡಿಸಬಹುದು. ‘ಮಿಲಿಟರಿ ಜೀಪು’ ಎಂದು ಬಾಯಲ್ಲಿ ಹೇಳಿ ಈ ಪತ್ರ ತೋರಿಸದವರಿಂದ ದೂರ ಇರುವುದು ಒಳಿತು.

ಕೊಡಚಾದ್ರಿಯ ಜೀಪು

ಈ ಸೀಮೆಯಲ್ಲಿ ಗಾಡಿ ಬದಲಿಸುವುದಕ್ಕೆ ನಿಜವಾದ ಕಾರಣ ಇರುವ ಜಾಗ ಒಂದಿದ್ದರೆ ಅದು ಕೊಲ್ಲೂರು. ಮೂಕಾಂಬಿಕೆಯ ದರ್ಶನ ಮುಗಿಸಿದವರು 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗಲು ಜೀಪು ಹಿಡಿಯುತ್ತಾರೆ. ನಾಗೋಡಿ, ನಿಟ್ಟೂರು, ಕಟ್ಟಿನಹೊಳೆ ದಾರಿಯಾಗಿ ಹೋದರೆ ಕೊನೆಯ ಕೆಲವು ಕಿಲೋಮೀಟರ್ ರಸ್ತೆ ಎನ್ನುವುದು ಹೆಸರಿಗಷ್ಟೆ. ಕೊಚ್ಚಿಹೋದ ಕೆಮ್ಮಣ್ಣು, ಮೊಣಕಾಲುದ್ದದ ಗುಂಡಿ, ಬೆಟ್ಟದಿಂದ ಉರುಳಿದ ಕಲ್ಲು. ಒಳಗೆ ಕೂತವರು ಮೇಲಿನ ಸರಳು ಬಿಟ್ಟರೆ ತಲೆ ಟಾಪಿಗೆ ಬಡಿಯುವುದು ಖಂಡಿತ. ಚಾಲಕರು ಮಾತ್ರ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಫೋರ್ ವೀಲ್ ಲಿವರ್ ಹಿಡಿದು ಹರಟೆ ಹೊಡೆಯುತ್ತಾ ಹತ್ತಿಸುತ್ತಾರೆ.

ಹೀಗೆ ದಿನವೂ ದುಡಿಯುವ ಜೀಪು ಕಾರ್ಖಾನೆಯ ರೂಪದಲ್ಲಿ ಉಳಿಯಲಾರದು. ಸ್ಪ್ರಿಂಗ್ ಪ್ಲೇಟಿಗೆ ಇನ್ನೊಂದು ಎಲೆ ಸೇರುತ್ತದೆ, ಕ್ಲಚ್ ಪ್ಲೇಟು ಬೇಗ ಬೇಗ ಬದಲಾಗುತ್ತದೆ, ಹುಕ್ಕು, ಸರಳು, ಬಂಪರು ಗಟ್ಟಿಯಾಗುತ್ತವೆ. ಎಂಜಿನ್ ವಿಷಯಕ್ಕೆ ಬಂದಾಗ ಸೂಕ್ಷ್ಮ ಶುರುವಾಗುತ್ತದೆ. ಮಹೀಂದ್ರಾ ಜೀಪುಗಳಲ್ಲಿ ಒಂದು ಕಾಲಕ್ಕೆ ಫ್ರಾನ್ಸಿನ ಪೆಜೋ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್ ಇತ್ತು, ಆಮೇಲೆ 2.5 ಲೀಟರಿನ ಡಿಐ ಬಂತು. ಹಳೆಯದು ಕೈಕೊಟ್ಟಾಗ ಹೊಸದನ್ನು ಕೂರಿಸುವುದು ಮೆಕಾನಿಕ್‌ಗೆ ಸಹಜ: ಒಂದೇ ಕಂಪನಿ, ಬಿಡಿಭಾಗವೂ ಸಿಗುತ್ತದೆ, ಬೋಲ್ಟು ತೂತು ತುಸು ಸರಿಸಿದರಾಯಿತು. ಕಾಗದದಲ್ಲಿ ಹಾಗಲ್ಲ. ಮೇಕು ಒಂದೇ, ಬಗೆ ಬೇರೆ; ಆರ್‌ಸಿಯಲ್ಲಿ ಸಿಸಿ, ಅಶ್ವಶಕ್ತಿ, ತೂಕ ಮೂರೂ ಬದಲಾಗಬೇಕು. ಬಾಡಿಗೆ ಗಾಡಿಯಾದ್ದರಿಂದ ಯೋಗ್ಯತಾ ಪತ್ರ, ಅಂದರೆ ಎಫ್‌ಸಿ, ತಪ್ಪಿದ್ದಲ್ಲ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ. ಹಿರಿಯ ಚಾಲಕರು ಈಗಲೂ ‘ಬ್ರೇಕ್ ಇನ್‌ಸ್ಪೆಕ್ಟ್ರು’ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರು ಬಾನೆಟ್ ಎತ್ತಿಸಿ ನಂಬರು ಓದುವ ದಿನವದು.

ಈ ಬೆಟ್ಟದ ದಾರಿಗೆ ಬೇಕಾದ ಬಲವರ್ಧನೆಗೆ ಒಂದು ಅಂಗೀಕೃತ ಪಟ್ಟಿ ಇದ್ದಿದ್ದರೆ ಚಾಲಕರಿಗೂ ನಿರೀಕ್ಷಕರಿಗೂ ಕಣ್ಣುಮುಚ್ಚಾಲೆ ತಪ್ಪುತ್ತಿತ್ತು. ಅದಕ್ಕೆ ಅವಕಾಶ ಕಾಯ್ದೆಯಲ್ಲೇ ಇದೆ: ಮಾರ್ಪಾಟಿಗೆ ಬೇಕಾದ ವಿವರ, ಷರತ್ತುಗಳನ್ನು ಕೇಂದ್ರ ಸರಕಾರ ಗೊತ್ತುಪಡಿಸಬಹುದು, ಹಾಗೆ ಮಾಡಿಸಿದ ಗಾಡಿಯ ವಾರಂಟಿ ರದ್ದಾಗದು ಎಂದು 2019ರ ತಿದ್ದುಪಡಿಯಲ್ಲಿ ಬರೆದಿದೆ.

ಕಿಟ್ ಕಾರಿಗೆ ಬಾಗಿಲಿಲ್ಲ

ಮನೆಯಲ್ಲಿ ಕಟ್ಟಿದ ಕಾರನ್ನು ಉಡುಪಿ ಆರ್‌ಟಿಒಗೆ ಒಯ್ದರೆ ಏನಾದೀತು? ನೋಂದಣಿ ಅರ್ಜಿ ನಮೂನೆ 20ರಲ್ಲಿ ಯಾರೂ ತುಂಬಬಹುದು. ಜೊತೆಗೆ ಇಡಬೇಕಾದ ನಮೂನೆ 21 ಮಾರಿದವರ ಪತ್ರ. ನಮೂನೆ 22 ಗಾಡಿ ರಸ್ತೆಗೆ ಯೋಗ್ಯ, ಹೊಗೆ-ಸದ್ದಿನ ಮಿತಿಯೊಳಗಿದೆ ಎಂದು ತಯಾರಕರು ಕೊಡುವ ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ಗಾಡಿಯ ಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಸಂಸ್ಥೆಗಳಲ್ಲಿ ಪರೀಕ್ಷಿಸಿ ಒಪ್ಪಿಗೆ ಪಡೆದ ಮೇಲಷ್ಟೇ ಆ ಮಾತಿಗೆ ಬೆಲೆ. ಬ್ರೇಕು, ದೀಪ, ಸೀಟು ಬೆಲ್ಟು, ಡಿಕ್ಕಿ, ಹೊಗೆ ಎಂದು ಸಾಗುವ ಈ ಪರೀಕ್ಷೆಯ ಖರ್ಚನ್ನು ಸಾವಿರಾರು ಕಾರುಗಳ ಮೇಲೆ ಹಂಚಬಲ್ಲ ಕಂಪನಿಗೆ ಅದು ಲೆಕ್ಕಕ್ಕಿಲ್ಲ. ಒಂದೇ ಕಾರು ಕಟ್ಟಿದವರಿಗೆ ಕಾರಿಗಿಂತ ಪರೀಕ್ಷೆಯೇ ತುಟ್ಟಿ.

ಬ್ರಿಟನ್ನಿನಲ್ಲಿ ಹೀಗಿಲ್ಲ. ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಕಾರನ್ನು ಕಿಟ್ಟಾಗಿ ಕೊಂಡರೆ ಖರೀದಿ ತೆರಿಗೆ ಇರಲಿಲ್ಲ. ಜನ ಭಾನುವಾರ ಕೂತು ಕಾರು ಜೋಡಿಸುವ ಹವ್ಯಾಸ ಬೆಳೆದದ್ದು ತೆರಿಗೆ ಉಳಿಸುವ ಆಸೆಯಿಂದ. ಈಗ ಅಲ್ಲಿ ಒಂದೊಂದೇ ಕಾರನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಮೂಲ ಗೊತ್ತಿಲ್ಲದ ಭಾಗಗಳಿಂದಾದ ಕಾರಿಗೆ ‘ಕ್ಯೂ’ ಅಕ್ಷರದ ಫಲಕ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಮೊದಲ 500 ಸ್ವಂತ ಕಟ್ಟಿದ ಕಾರುಗಳಿಗೆ, ಅವು ಯಾವ ವರ್ಷದ ಕಾರಿನ ರೂಪದಲ್ಲಿವೆಯೋ ಆ ವರ್ಷದ ಹೊಗೆ ನಿಯಮ ಅನ್ವಯಿಸುವ ರಿಯಾಯಿತಿಯಿದೆ. 1965ರ ಕಾರಿನ ವೇಷ ಹಾಕಿದರೆ 1965ರ ಹೊಗೆ ಬಿಡಬಹುದು!

ಭಾರತದಲ್ಲಿ ಈ ಹಾದಿಗೆ ಹತ್ತಿರ ಬಂದವು ಸಣ್ಣ ಕಂಪನಿಗಳೇ. ಅಲಿಬಾಗ್ ಬಳಿಯ ಚಿಂಕಾರ ಮೋಟಾರ್ಸ್ ಲೋಟಸ್ ಸೆವೆನ್ನಿನ ಧಾಟಿಯ ರೋಡ್‌ಸ್ಟರ್ ಕಟ್ಟಿತು, ಅದರ ಎಂಜಿನ್ ನಮ್ಮ ಅಂಬಾಸಿಡರಿನಲ್ಲಿದ್ದ 1.8 ಲೀಟರ್ ಇಸುಜು. ಬೆಂಗಳೂರಿನ ಸ್ಯಾನ್ ಸಂಸ್ಥೆಯವರು ಗೋವಾದಲ್ಲಿ ಫೈಬರ್ ಬಾಡಿಯ ‘ಸ್ಟಾರ್ಮ್’ ಮಾಡಿದರು. 2001ರಲ್ಲಿ ಬೆಂಗಳೂರಿನ ವಿದ್ಯುತ್ ಕಾರು ರೇವಾ ಬಂತು.

ನಮ್ಮ ಜಿಲ್ಲೆಯಲ್ಲಿ ಸ್ವಂತ ಕಾರು ಕಟ್ಟುವವರು ಇರುವುದು ಮಣಿಪಾಲದಲ್ಲಿ, ಬ್ರಹ್ಮಾವರದಿಂದ ಅರ್ಧ ಗಂಟೆಯ ದಾರಿ. ಅಲ್ಲಿನ ಎಂಜಿನಿಯರಿಂಗ್ ಕಾಲೇಜು ಎಂಐಟಿಯ ವಿದ್ಯಾರ್ಥಿ ತಂಡಗಳಾದ ಫಾರ್ಮುಲಾ ಮಣಿಪಾಲ್, ಮಣಿಪಾಲ್ ರೇಸಿಂಗ್, ಸೋಲಾರ್‌ಮೊಬಿಲ್ ಇವು ಕೊಳವೆ ಬೆಸೆದು, ಬ್ಯಾಟರಿ ಜೋಡಿಸಿ, ಸೌರ ಫಲಕ ಹೊದಿಸಿ ಕಾರು ಮಾಡುತ್ತವೆ. ಅವು ಓಡುವುದು ಕ್ಯಾಂಪಸ್ಸಿನಲ್ಲಿ ಮತ್ತು ಸ್ಪರ್ಧೆಯ ಮುಚ್ಚಿದ ಟ್ರ್ಯಾಕಿನಲ್ಲಿ. ಇಂದೋರಿನ ಬಳಿಯ ಪೀಥಂಪುರದ ಟ್ರ್ಯಾಕಿಗೆ ಹೋಗಬೇಕಾದರೆ ಕಾರು ಲಾರಿ ಏರಿ ಕೂರುತ್ತದೆ. ಟೋಲ್ ಕಟ್ಟುವುದು ಲಾರಿ.

ಬಾಡಿ ಕಟ್ಟಿಸುವುದು

ತಯಾರಕರಲ್ಲದವರೂ ಗಾಡಿಯ ಅರ್ಧ ಭಾಗ ಕಟ್ಟಬಹುದಾದ ಕ್ರಮ ಒಂದಿದೆ, ಅದು ಲಾರಿ-ಬಸ್ಸುಗಳದು. ಬರೀ ಚೇಸಿಸ್ ಕೊಂಡು ಬಾಡಿಯನ್ನು ಬೇರೆಯವರಿಂದ ಕಟ್ಟಿಸಿದಾಗ ನಮೂನೆ 22ಎ ಬರುತ್ತದೆ: ಮೊದಲ ಭಾಗಕ್ಕೆ ಚೇಸಿಸ್ ಕಂಪನಿಯ ಸಹಿ, ಎರಡನೆಯದಕ್ಕೆ ಬಾಡಿ ಕಟ್ಟಿದವರದು. ಬಂದರಿನ ಮೀನು ಲಾರಿಗಳು, ಖಾಸಗಿ ಬಸ್ಸುಗಳು, ಮಂದಾರ್ತಿ, ಮಾರಣಕಟ್ಟೆ ಯಕ್ಷಗಾನ ಮೇಳಗಳ ಪೆಟ್ಟಿಗೆ-ಪರದೆ ಹೊರುವ ಗಾಡಿಗಳು ಎಲ್ಲಕ್ಕೂ ಬಾಡಿಯೇ ಜೀವ. ಅಗಲ 2.6 ಮೀಟರ್ ಮೀರಬಾರದು. ಹಿಂದಿನ ಚಾಚು ಎರಡು ಆಕ್ಸೆಲ್‌ಗಳ ನಡುವಣ ಅಂತರದ ನೂರಕ್ಕೆ 60ರೊಳಗೆ ಇರಬೇಕು. ಟ್ರಕ್ಕಿನ ಬಾಡಿಗೆ ಎಐಎಸ್-093, ಬಸ್ಸಿಗೆ ಎಐಎಸ್-052, ಆಂಬುಲೆನ್ಸಿಗೆ ಎಐಎಸ್-125 ಎಂದು ಬೇರೆ ಬೇರೆ ಸಂಹಿತೆಗಳಿವೆ. ತಂಟೆ ಬರುವುದು ನೋಂದಣಿ ಆದ ಮೇಲಿನ ಬದಲಾವಣೆಗೆ: ಸಾಮಾನು ಟೆಂಪೋಗೆ ಐಸ್ ಪೆಟ್ಟಿಗೆ ಬೆಸೆಯುವುದು, ಓಮ್ನಿಯ ಹಿಂಬದಿ ಕತ್ತರಿಸಿ ಚಾಟ್ಸ್ ಅಂಗಡಿ ಮಾಡುವುದು. ಬಿಚ್ಚಿ ಇಳಿಸಬಹುದಾದ ಪೆಟ್ಟಿಗೆ ಸಾಮಾನಿನ ಲೆಕ್ಕಕ್ಕೆ ಬರುತ್ತದೆ, ಬೆಸೆದರೆ ಬಾಡಿಯ ಲೆಕ್ಕಕ್ಕೆ.

ಹೊಗೆ

ಭಾರತ್ ಸ್ಟೇಜ್ ಮಾನದಂಡಗಳು ಗಾಡಿ ಹುಟ್ಟಿದ ದಿನಾಂಕಕ್ಕೆ ಕಟ್ಟಿಕೊಂಡಿವೆ. ಬಿಎಸ್-4 ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್ 1ರಂದು, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಂದು. ನಡುವೆ ಬಿಎಸ್-5 ಎಂಬ ಮೆಟ್ಟಿಲನ್ನು ಹಾರಿದೆವು. ಡೀಸೆಲಿನ ಗಂಧಕವೂ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು.

ರಸ್ತೆಯ ಮೇಲಿನ ಗಾಡಿಗೆ ಇರುವುದು ಪಿಯುಸಿ, ಜನರ ಬಾಯಲ್ಲಿ ‘ಎಮಿಷನ್’. ಹೊಸ ಗಾಡಿಗೆ ಒಂದು ವರ್ಷ ಬೇಡ. ಆಮೇಲೆ ಬಿಎಸ್-4, ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ, ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಪೆಟ್ರೋಲ್ ಕಾರು ನಿಂತಲ್ಲೇ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬಿಎಸ್-4ಕ್ಕೆ ಶೇ. 0.3, ಬಿಎಸ್-2, 3ಕ್ಕೆ ಶೇ. 0.5, ಅದಕ್ಕೂ ಹಳೆಯದಕ್ಕೆ ಶೇ. 3ರ ಮಿತಿ. ಡೀಸೆಲಿಗೆ ಹೊಗೆಯ ಕಪ್ಪು ಅಳೆಯುತ್ತಾರೆ: ಹಳೆಯದಕ್ಕೆ 65 ಹಾರ್ಟ್‌ರಿಜ್ ಘಟಕ, ಬಿಎಸ್-4ಕ್ಕೆ 50. ಎಫ್‌ಸಿಗೆ ಮುಂಚೆ ಪಂಪು-ನೋಝಲ್ ಅಂಗಡಿಯವರ ಹತ್ತಿರ ಡೀಸೆಲ್ ಪಂಪಿನ ಸ್ಕ್ರೂ ಒಂದು ಸುತ್ತು ಬಿಗಿಸಿ, ಎಫ್‌ಸಿ ಆದ ಮೇಲೆ ಮತ್ತೆ ಬಿಡಿಸುವ ಚಾಳಿ ಹಳೆ ಗಾಡಿಯವರಲ್ಲಿ ಇದ್ದದ್ದೇ. ಪರೀಕ್ಷೆಯ ದಿನ ಗಾಡಿಗೆ ಉಸಿರಿಲ್ಲ, ಮರುದಿನ ಹಾಲಾಡಿ ಏರಿನಲ್ಲಿ ಹಿಂದಿನವರಿಗೆ ಉಸಿರಿಲ್ಲ.

ಪಿಯುಸಿ ಕಾಗದವನ್ನು ಮಾರ್ಪಾಟಿಗೆ ಒಪ್ಪಿಗೆ ಎಂದು ತಿಳಿದವರು ಬಹಳ. ಹಾಗೆ ತಿಳಿಯಬಾರದು. ಈ ತಪಾಸಣೆ ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಗಾಡಿ ಭಾರ ಹೊತ್ತು ಓಡುವಾಗ ಏನು ಬಿಡುತ್ತದೆಂದೂ ನೋಡುವುದಿಲ್ಲ. ಅದನ್ನೆಲ್ಲ ನೋಡುವುದು ಮಾದರಿಗೆ ಒಪ್ಪಿಗೆ ಕೊಡುವಾಗ, ರೋಲರ್ ಮೇಲೆ ಓಡಿಸಿ. 2023ರ ಏಪ್ರಿಲ್‌ನಿಂದ ನಿಜ ರಸ್ತೆಯಲ್ಲೂ. ಆದ್ದರಿಂದ ಬೇರೆ ಎಂಜಿನ್ ಕೂರಿಸಿದ ಜೀಪು ಪಿಯುಸಿಯಲ್ಲಿ ಸಲೀಸಾಗಿ ಪಾಸಾಗಿ, 52ನೆಯ ಕಲಮಿನಲ್ಲಿ ಫೇಲಾಗಬಹುದು. ಬಿಎಸ್-6 ಗಾಡಿಯ ಮಸಿ ಸೋಸುವ ಡಿಪಿಎಫ್, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ ‘ಫ್ರೀ ಫ್ಲೋ’ ಮಾಡಿಸುವುದು ಇನ್ನೂ ಕೆಟ್ಟದ್ದು. ಹಳೆ ಗಾಡಿ ಹೊಗೆ ಬಿಡುವುದು ವಯಸ್ಸಿನಿಂದ, ಇದು ದುಡ್ಡು ಕೊಟ್ಟು ಬಿಡಿಸುವ ಹೊಗೆ.

ಸೈಲೆನ್ಸರಿನದು ಸಣ್ಣ ಅಧ್ಯಾಯ. ಬುಲೆಟ್ಟಿಗೆ ಪಂಜಾಬಿ, ಇಂದೋರಿ ಎಂಬ ಸೈಲೆನ್ಸರ್ ಹಾಕಿಸಿದರೆ 175 ಸಿಸಿ ಮೀರಿದ ಬೈಕಿಗಿರುವ 80 ಡೆಸಿಬೆಲ್ ಮಿತಿ ದಾಟುತ್ತದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇವನ್ನು ಕಿತ್ತು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದಾರೆ.

ಅನಿಲದ ಓಮ್ನಿ

ಬೇರೆ ಇಂಧನದ ಕಿಂಡಿಯನ್ನು ನಮ್ಮ ಜನ ಕಾನೂನಿಗಿಂತ ಮೊದಲೇ ತೆರೆದಿದ್ದರು. ಮಾರುತಿ ಓಮ್ನಿಯ ಹಿಂದಿನ ಸೀಟಿನಡಿ ಅಡುಗೆ ಅನಿಲದ ಸಿಲಿಂಡರ್ ಅಡ್ಡ ಮಲಗಿಸಿ, ರಬ್ಬರ್ ಕೊಳವೆ ಎಳೆದು ಓಡಿಸಿದ ಕಾಲ ಎಲ್ಲರಿಗೂ ನೆನಪಿದೆ. ವ್ಯಾನಿನೊಳಗೆ ಕೂತರೆ ಅಡುಗೆಮನೆಯ ವಾಸನೆ. ಅಡುಗೆ ಸಿಲಿಂಡರನ್ನು ಗಾಡಿಗೆ ಬಳಸುವುದು ಆಗಲೂ ಈಗಲೂ ಅಪರಾಧ. ಗಾಡಿಯ ಎಲ್‌ಪಿಜಿಗೆ 2001ರಲ್ಲಿ ಪ್ರತ್ಯೇಕ ಆದೇಶ ಬಂದು, ಗಟ್ಟಿ ಟ್ಯಾಂಕು, ಬೇರೆ ಬಗೆಯ ಕವಾಟ, ಬಂಕು ಎಲ್ಲ ಬಂದವು.

ಈಗ ಕಿಟ್ ಹಾಕಿಸುವುದು ಹೀಗೆ: ಕಿಟ್ಟಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇರಬೇಕು, ಆ ಒಪ್ಪಿಗೆ ನಿಮ್ಮ ಗಾಡಿಯ ಮಾದರಿಗೆ ಅನ್ವಯಿಸಬೇಕು, ಅಧಿಕೃತ ಕೇಂದ್ರದಲ್ಲಿ ಹಾಕಿಸಿ ಆರ್‌ಸಿಯಲ್ಲಿ ಇಂಧನ ಬದಲಿಸಬೇಕು. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ. ಉಪ್ಪುಗಾಳಿಯ ಊರಿನಲ್ಲಿ ಇದನ್ನು ಮುಂದೂಡುವುದು ಎದೆಗಾರಿಕೆಯ ಮಾತು. ಬಿಎಸ್-6 ಪೆಟ್ರೋಲ್ ಗಾಡಿಗಳಿಗೆ 2022ರಲ್ಲಿ ಈ ಅವಕಾಶ ಸಿಕ್ಕಿತು. ಹಳೆ ಗಾಡಿಯನ್ನು ಬ್ಯಾಟರಿಗೆ ಬದಲಿಸುವ ಕಿಟ್ಟುಗಳಿಗೆ ಎಐಎಸ್-123 ಎಂಬ ಮಾನದಂಡವಿದೆ. ಎಂಜಿನ್ನನ್ನೇ ಎತ್ತಿ ಎಸೆದರೂ ಕಾನೂನು ಸುಮ್ಮನಿರುವ ಏಕೈಕ ಮಾರ್ಪಾಟು ಬಹುಶಃ ಇದೇ.

ಐವತ್ತು ದಾಟಿದ ಗಾಡಿ

ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರು-ಜೀಪಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದವಕ್ಕೆ 10,000 ಆಯಿತು. ಐವತ್ತು ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮ ಇನ್ನೊಂದು ದಾರಿ ಕೊಟ್ಟಿದೆ: 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷದ ನೋಂದಣಿ, ‘ವಿಎ’ ಅಕ್ಷರದ ಫಲಕ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ಹೊರಡಿಸಬಹುದು. ಇಂಥ ಗಾಡಿಗಳ ಸೊಬಗು ನೋಡಬೇಕೆಂದರೆ ಕರಾವಳಿಯವರಿಗೆ ಹತ್ತಿರದ್ದು ಧರ್ಮಸ್ಥಳದ ಕಾರು ಸಂಗ್ರಹಾಲಯ.

ಷರತ್ತು ಒಂದಿದೆ. ಗಾಡಿ ಮೂಲ ರೂಪದಲ್ಲಿರಬೇಕು. ಚೇಸಿಸ್, ಬಾಡಿ, ಎಂಜಿನ್ ಬದಲಾಗಿರಬಾರದು. ಹಾಗಾದರೆ ಪ್ಲಾಸ್ಟಿಕ್ ಚೀಲದ ಆ ಆರ್‌ಸಿ ಪುಸ್ತಕದ ಕಥೆ? 1970ರ ಪೆಟ್ರೋಲ್ ಜೀಪಿಗೆ 1990ರಲ್ಲಿ ಅರ್ಜಿ ಕೊಟ್ಟು, ಒಪ್ಪಿಗೆ ಪಡೆದು, ಡೀಸೆಲ್ ಎಂದು ಬರೆಸಿ ಮೊಹರು ಹಾಕಿಸಿಕೊಂಡವರ ಜೀಪು ವಿಂಟೇಜ್ ಸಾಲಿಗೆ ಸೇರದು. ಆಗಿನ ಕಾನೂನು ಒಪ್ಪಿದ ಎಂಜಿನ್ನೇ ಈಗಿನ ಕಾನೂನಿಗೆ ಅಡ್ಡಿ. ಅವರ ಮುಂದಿರುವುದು ಎರಡು ದಾರಿ: ಐದು ವರ್ಷಕ್ಕೊಮ್ಮೆ 10,000 ಕಟ್ಟುತ್ತಾ ಅಡಿಕೆ ಮೂಟೆ ಹೊರುವುದನ್ನು ಮುಂದುವರಿಸುವುದು, ಅಥವಾ ಮೂವತ್ತೈದು ವರ್ಷದ ಹಿಂದೆ ಗುಜರಿಗೆ ತೂಕಕ್ಕೆ ಹಾಕಿದ ಪೆಟ್ರೋಲ್ ಎಂಜಿನ್ ಎಲ್ಲಿ ಹೋಯಿತೆಂದು ಹುಡುಕುತ್ತಾ ಹೋಗುವುದು.